ಗೇಟಿನ ಒಳಗೆ

ಮುಂಡಪ್ಪನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟುತ್ತಿದ್ದ ಹರಿಶ್ಚಂದ್ರ ಬಾಗಿಲ ಕಡೆ ನೋಡಿ ಕೈ ನಿಲ್ಲಿಸಿದ. ನಾಗವೇಣಿ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಾಚೆ ನಿಂತಿದ್ದಳು.

ಕೋಪರಖೈರಣೆಯ ಆ ಸಣ್ಣ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದವರೆಲ್ಲ ಮಹಾಪೆಯ ಕಾರ್ಖಾನೆಯ ಕ್ಯಾಂಟೀನಿನವರು, ಮುಂಡಪ್ಪನ ಜೊತೆ ದುಡಿದವರು. ಎರಡು ತಿಂಗಳ ಹಿಂದೆ ನಾಗವೇಣಿಯ ಕೆಲಸ ಹೋದದ್ದು ಮುಂಡಪ್ಪನಿಂದಲೇ ಎಂದು ಅವಳೂ ನಂಬಿದ್ದಳು, ಅವರೂ ನಂಬಿದ್ದರು. ಈಗ ಅವಳು ಅಳಲು ಬಂದಳೋ, ಜಗಳಕ್ಕೆ ಬಂದಳೋ ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು.

ಮುಂಡಪ್ಪನ ಹೆಂಡತಿ ರತ್ನಾವತಿ, ಒಳಗೆ ಬಾ ಎಂದಳು. ನಾಗವೇಣಿ ಬಂದು ಹೆಣದ ಕಾಲ ಬಳಿ ಕೂತಳು. ಕೈ ಮುಗಿಯಲಿಲ್ಲ.

ಮುಂಡಪ್ಪನ ಮಗಳು ಅನುಷ್ಕಾ ಅಡುಗೆಕಟ್ಟೆಯ ಬಳಿ ನಿಂತು ಬಂದವರನ್ನೆಲ್ಲ ಗಮನಿಸುತ್ತಿದ್ದಳು. ಅಪ್ಪ ಗೇಟಿನ ಹೊರಗೆ ರಸ್ತೆಯಲ್ಲಿ ಬಿದ್ದರೆಂದು ಕಂಪನಿಯಿಂದ ಫೋನು ಬಂದಿತ್ತು. ಆದರೆ ಆಸ್ಪತ್ರೆಯಲ್ಲಿ ಅವಳು ನೋಡಿದ ಅಪ್ಪನ ಮೈಮೇಲೆ ಏಪ್ರನ್ ಇತ್ತು, ಕಾಲಲ್ಲಿ ಅಡುಗೆಮನೆಯ ರಬ್ಬರ್ ಬೂಟು. ಅವನ್ನು ಕಳಚಿಡದಿದ್ದರೆ ವಾಚ್‌ಮನ್ ಯಾರನ್ನೂ ಹೊರಗೆ ಬಿಡುವುದಿಲ್ಲವೆಂದು ಅಪ್ಪನೇ ಹೇಳುತ್ತಿದ್ದರು. ಬೆಳಗ್ಗೆಯಿಂದ ಅವಳು ಒಬ್ಬೊಬ್ಬರನ್ನೇ ಕೇಳಿದ್ದಳು. ಗೇಟಿನ ಹೊರಗೆ, ಪಾನ್ ಅಂಗಡಿಯ ಹತ್ತಿರ ಎಂದು ಎಲ್ಲರೂ ಹೇಳಿದರು. ಎಲ್ಲರೂ ಅದೇ ಮಾತಿನಲ್ಲಿ ಹೇಳಿದ್ದೇ ಅವಳಿಗೆ ಸರಿ ಕಾಣಲಿಲ್ಲ.

*

ಮುಂಡಪ್ಪ ಮೊದಲು ಕಲ್ಯಾಣದ ಉಡುಪಿ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದ. ಅದು ಮುಚ್ಚಿದ ಮೇಲೆ ಕಾಂಟ್ರಾಕ್ಟ್ ಕೆಲಸಕ್ಕೆಂದು ಈ ಕ್ಯಾಂಟೀನ್ ಸೇರಿದ. ಕ್ಯಾಂಟೀನಿನ ಊಟ ಕಾಯಂ ನೌಕರರಿಗೆ ಮಾತ್ರ. ಬೇಯಿಸುವವರು ಮನೆಯಿಂದ ಬುತ್ತಿ ತರಬೇಕು. ಮಧ್ಯಾಹ್ನ ಎಲ್ಲರ ಡಬ್ಬಿಗಳನ್ನು ನಡುವೆ ಇಟ್ಟು ಉಣ್ಣುವುದನ್ನು ರೂಢಿ ಮಾಡಿದವನೇ ಮುಂಡಪ್ಪ. ನಾಗವೇಣಿ ತರುತ್ತಿದ್ದ ಜೋಳದ ರೊಟ್ಟಿಯಲ್ಲಿ ಅರ್ಧ ಕೇಳಿ ತೆಗೆದುಕೊಳ್ಳುತ್ತಿದ್ದ. ವಿಜಯಪುರ ನೋಡದಿದ್ದರೂ ಅದರ ರುಚಿ ಗೊತ್ತಾಯಿತು ಎನ್ನುತ್ತಿದ್ದ.

ಮುಂದಿನ ದಸರೆಗೆ ನಿಮ್ಮನ್ನೆಲ್ಲ ಕಾಯಂ ಮಾಡುತ್ತೇವೆ ಎಂದು ಕಂಪನಿಯವರು ಪ್ರತಿ ದಸರೆಗೂ ಹೇಳುತ್ತಿದ್ದರು. ಮುಂಡಪ್ಪ ಪ್ರತಿ ಸಲವೂ ಅದನ್ನು ನಂಬಿ ಹೆಂಡತಿಗೆ ಹೇಳುತ್ತಿದ್ದ. ಈ ಸಲ ದಸರೆಗೆ ಕಾಂಟ್ರಾಕ್ಟರ್ ಬದಲಾದ. ಹಳೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯದೆ ಎಲ್ಲರನ್ನೂ ಹೊಸಬರೆಂದು ಮತ್ತೆ ಸೇರಿಸಿಕೊಂಡರು. ಆಮೇಲೆ ಅಡುಗೆಮನೆಯ ಜೀವವೇ ಹೋಯಿತು. ಸಾಂಬಾರಿಗೆ ಉಪ್ಪು ಬಿತ್ತೋ ಇಲ್ಲವೋ ಯಾರೂ ನೋಡುತ್ತಿರಲಿಲ್ಲ.

ವಿದೇಶದ ಅತಿಥಿಗಳು ಬರುವ ದಿನ ಒಲೆ ಹಚ್ಚುವುದು ಬೇಡ ಎಂದು ಸಾಮಾನು ಕೋಣೆಯ ಹಿಂದೆ ಎಲ್ಲರನ್ನೂ ಸೇರಿಸಿ ಹೇಳಿದವಳು ನಾಗವೇಣಿ. ಎಲ್ಲರೂ ಒಪ್ಪಿದರು. ಮರುದಿನ ಬೆಳಗ್ಗೆ ಅವಳನ್ನು ಗೇಟಿನಲ್ಲೇ ತಡೆದರು. ಅದೇ ವಾರ ಮುಂಡಪ್ಪ ಆಫೀಸರ್ ಸಮಿತನ ಕ್ಯಾಬಿನ್ನಿನಿಂದ ಹೊರಬರುವುದನ್ನು ಹರಿಶ್ಚಂದ್ರ ಕಂಡ. ಯಾರೂ ಏನೂ ಕೇಳಲಿಲ್ಲ. ಮಧ್ಯಾಹ್ನ ತಮ್ಮ ಡಬ್ಬಿಗಳನ್ನು ಎತ್ತಿಕೊಂಡು ಬೇರೆ ಕಡೆ ಹೋಗಿ ಕೂತರು.

*

ಚಟ್ಟ ಕಟ್ಟಿ ಮುಗಿಯುವ ಹೊತ್ತಿಗೆ ಸಮಿತ್ ಹೂವಿನ ಚಕ್ರ ಹಿಡಿದುಕೊಂಡು ಬಂದ. ಠಾಣೆ ಊರಲ್ಲೇ ಹುಟ್ಟಿ ಬೆಳೆದ ಹುಡುಗ. ಕನ್ನಡ ತಿಳಿಯುತ್ತಿತ್ತು, ಮಾತು ಹಿಂದಿಯಲ್ಲಿ. ರತ್ನಾವತಿಯ ಮುಂದೆ ಮಂಡಿಯೂರಿ, "ಬಹುತ್ ಸೀಧೇ ಆದ್ಮೀ ಥೇ", ತುಂಬಾ ಸರಳ ಮನುಷ್ಯ ಎಂದ. ನಾಗವೇಣಿಯನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಕೇಳಲು ಎಷ್ಟೋ ಸಲ ತನ್ನ ಕ್ಯಾಬಿನ್ನಿಗೆ ಬಂದಿದ್ದರು, ಪಾಪ ಎಂದೂ ಹೇಳಿದ. ನಾಗವೇಣಿ ಅಲ್ಲೇ ಕೂತಿರುವುದನ್ನು ಅವನು ನೋಡಿರಲಿಲ್ಲ.

ಅವಳಿಗೆ ಆ ಮಾತಿನ ಮೇಲೂ ಸಂಶಯ ಬಂತು. ಸತ್ತವನ ಹೆಸರಿನಲ್ಲಿ ಈತ ಇನ್ನಾರನ್ನೋ ಉಳಿಸುತ್ತಿದ್ದಾನೆಯೇ?

"ಹಂಗಾರ ನನ್ನ ಹೆಸರು ನಿಮಗ ಹೇಳಿದವರು ಯಾರ್ರೀ?"

ಸಮಿತನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿದಂತಿತ್ತು. "ಕಿಸೀನೇ ನಹೀಂ. ಸ್ಟೋರ್ ಕೆ ಪೀಛೆ ಕ್ಯಾಮೆರಾ ಹೈ ನಾ, ಮೈಕ್‌ವಾಲಾ."

ಯಾರೂ ಹೇಳಿರಲಿಲ್ಲ; ಸಾಮಾನು ಕೋಣೆಯ ಹಿಂದಿನ ಕ್ಯಾಮೆರಾಕ್ಕೆ ಮೈಕೂ ಇತ್ತು. ಗೋಡೆಗೆ ಒರಗಿದ್ದ ಒಬ್ಬ ಎದ್ದು ಹೋಗಲು ನೋಡಿ ಮತ್ತೆ ಕೂತ. ರತ್ನಾವತಿ ಯಾರ ಮುಖವನ್ನೂ ನೋಡದೆ ಹೇಳಿದಳು: "ಎರಡು ತಿಂಗಳಿಂದ ಬುತ್ತಿ ಹಾಗೆಯೇ ವಾಪಸ್ ಬರ್ತಿತ್ತು. ಕೇಳಿದ್ರೆ, ಒಬ್ಬನೇ ಉಣ್ಣಲಿಕ್ಕೆ ಆಗುದಿಲ್ಲ ಅಂತಿದ್ರು."

ನಾಗವೇಣಿ ಮುಂದೆ ಬಾಗಿ ಮುಂಡಪ್ಪನ ಪಾದದ ಮೇಲೆ ಹಣೆಯಿಟ್ಟಳು.

ಸದಾ ಹಿಂದಿಯಲ್ಲೇ ಉತ್ತರ ಕೊಡುವ ಅನುಷ್ಕಾ ಹರಿಶ್ಚಂದ್ರನ ಎದುರು ಬಂದು ಕನ್ನಡದಲ್ಲಿ ಕೇಳಿದಳು. "ಹರೀಶ್ ಮಾಮ, ಪಪ್ಪ ಎಲ್ಲಿ ಬಿದ್ದದ್ದು?"

ಹರಿಶ್ಚಂದ್ರ ಸಮಿತನನ್ನು ನೋಡಿದ. ಆಮೇಲೆ ಹೆಣವನ್ನು ನೋಡಿದ.

"ಒಳಗೇ ಬಿದ್ದದ್ದು ಮಗಾ, ಒಲೆಯ ಹತ್ತಿರ. ಒಳಗೆ ಸತ್ರೆ ಕಂಪನಿಯ ಮೇಲೆ ಬರ್ತದೆ ಅಂತ, ಮೊದಲು ಗೇಟಿನ ಹೊರಗೆ ತೆಗೊಂಡು ಹೋಗಿ ಅಂದ್ರು ಈ ಸಾಹೇಬರು. ನಾವೇ ಎತ್ತಿಕೊಂಡು ಹೋದದ್ದು. ಆಮೇಲೆ ರಿಕ್ಷಾ ಕರೆದದ್ದು."

"ಎತ್ತುವಾಗ ಉಸಿರಿತ್ತಾ?"

"ಇತ್ತು."

ರತ್ನಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಹರೀಶ್, ಸೋಚ್ ಕೆ ಬೋಲ್" ಎಂದ ಸಮಿತ್, ದನಿ ಏರಿಸದೆ.

"ನಿನ್ನೆಯಿಂದ ಅದನ್ನೇ ಯೋಚನೆ ಮಾಡ್ತಿದ್ದೇನೆ ಸರ್."

ನಾಗವೇಣಿ ತಲೆಯೆತ್ತಿ ಹರಿಶ್ಚಂದ್ರನನ್ನು ದಿಟ್ಟಿಸಿದಳು. ಅವಳ ಕಣ್ಣಲ್ಲಿ ಇನ್ನೂ ಪೂರ್ತಿ ನಂಬಿಕೆಯಿರಲಿಲ್ಲ. "ನಾಳೆ ಪೊಲೀಸ್ ಚೌಕ್ಯಾಗೂ ಇದನ್ನ ಹೇಳ್ತೀಯೇನು?"

"ಹೇಳ್ತೇನೆ."

ಗೋಡೆಯ ಬಳಿಯಿಂದ ಇನ್ನೊಬ್ಬ, ಕಾಲು ಹಿಡಿದದ್ದು ನಾನು, ನಾನೂ ಬರುತ್ತೇನೆ ಎಂದ. ಉಳಿದವರಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಅನುಷ್ಕಾ ಒಬ್ಬೊಬ್ಬರ ಮುಖವನ್ನೇ ನೋಡಿದಳು.

ಹೊರಡುವ ಹೊತ್ತಾಗಿತ್ತು. ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ ಸಮಿತ್, ಚಟ್ಟ ಮೆಟ್ಟಿಲಿಳಿದು ಬಂದಾಗ ಭುಜ ಕೊಡಲು ಮುಂದಾದ. ಮುಂದಿನ ಬಿದಿರಿಗೆ ಒಂದು ಕಡೆ ಹರಿಶ್ಚಂದ್ರ, ಇನ್ನೊಂದು ಕಡೆ ನಾಗವೇಣಿ. ಹೆಂಗಸು ಚಟ್ಟ ಹೊರಬಾರದೆಂದು ಕೆಳಗಿನ ಮನೆಯ ಅಜ್ಜ ಹೇಳಿದ್ದು ಯಾರ ಕಿವಿಗೂ ಬಿದ್ದಂತಿರಲಿಲ್ಲ. ಸಮಿತನಿಗೆ ಯಾರೂ ಜಾಗ ಬಿಡಲಿಲ್ಲ, ಬೇಡವೆನ್ನಲೂ ಇಲ್ಲ. ಅವನು ಬಿದಿರಿನ ಮೇಲೆ ಬರೀ ಕೈಯಿಟ್ಟುಕೊಂಡು ಪಕ್ಕದಲ್ಲೇ ನಡೆದ. ಶವದ ಗಾಡಿ ಆಚೆ ದೊಡ್ಡ ರಸ್ತೆಯಲ್ಲಿ ನಿಂತಿತ್ತು. ಗಲ್ಲಿಯ ತುದಿಯಲ್ಲಿ ಎರಡೂ ಬದಿಗೆ ಸ್ಕೂಟರುಗಳಿದ್ದವು. ನಡುವೆ ಚಟ್ಟ ಹೊತ್ತವರು ಹೋಗುವಷ್ಟೇ ದಾರಿ. ಅವರು ನಡಿಗೆ ನಿಧಾನಿಸಲಿಲ್ಲ. ಸಮಿತ್ ಕೈ ತೆಗೆದು ಹಿಂದೆ ನಿಂತ.