ತಮೀಮನ ಮುಂಜಿ

ಮದ್ದೂರಿನ ಮಜೀದನ ಸ್ಕೂಟರ್ ರಿಪೇರಿ ಅಂಗಡಿಯಲ್ಲಿ ಆ ಬೆಳಿಗ್ಗೆ ಗಾಡಿಗಿಂತ ಗಂಡಸುತನದ ಮಾತೇ ಜೋರಾಗಿ ಓಡುತ್ತಿತ್ತು. ಬರುವ ಶುಕ್ರವಾರ ಅವನ ಆರು ವರ್ಷದ ಮಗ ತಮೀಮನಿಗೆ ಮುಂಜಿ, ಅಂದರೆ ಸುನ್ನತಿ. ಮಂಡ್ಯದಲ್ಲಿದ್ದ ಮಜೀದನ ಅಣ್ಣ ಛತ್ರ ಗೊತ್ತುಮಾಡಿದ್ದ. ಬಿರಿಯಾನಿಗೆ ಇಡೀ ಊರಿಗೇ ಹೇಳಿಯಾಗಿತ್ತು. ಹೇಳದೆ ಉಳಿದಿದ್ದು ಹುಡುಗನೊಬ್ಬನಿಗೇ. ಹೊಸ ಶೇರ್ವಾನಿ, ಹೂವಿನ ಹಾರ, ಕುದುರೆ ಸವಾರಿ, ಇಷ್ಟೇ ಅವನಿಗೆ ಗೊತ್ತು.

ಮಜೀದನ ಹೆಂಡತಿ ನಿಶಾತಳ ತಮ್ಮ ಅರ್ಬಾಜ್, ಮಂಡ್ಯದ ಒಂದು ಲ್ಯಾಬಿನಲ್ಲಿ ಕೆಲಸಕ್ಕಿದ್ದವನು, ಅಕ್ಕನ ಮಾತು ಹೊತ್ತು ಬಂದಿದ್ದ.

“ಭಾವ, ಮುಂಜಿ ಬ್ಯಾಡ ಅಂತ ಅಲ್ಲ. ಮಗೂಗೆ ಮೊದ್ಲೇ ಹೇಳಿ, ಆಸ್ಪತ್ರೇಲಿ ನೋವಾಗ್ದಂಗೆ ಸೂಜಿ ಹಾಕ್ಸಿ ಮಾಡ್ಸಣ ಅಂತಾಳೆ ಅಕ್ಕ.”

“ಇವ್ಳೊಬ್ಳು ಡಾಕ್ಟ್ರಮ್ಮ!” ಮಜೀದ್ ಸ್ಪ್ಯಾನರನ್ನು ಠಣಾರೆಂದು ಎಸೆದ. “ದಿನಾ ನೋಡ್ತೀಯಲ್ಲ, ನಿನ್ ಫೋನು ಏನಂತದಪ್ಪ? ಅದ್ನೂ ಹೇಳು, ಕೇಳಣ.”

“ಎರಡೂ ಅಂತದೆ. ಸೋಂಕು, ಕೆಲವು ಕಾಯಿಲೆ ಕಡ್ಮೆ ಆಯ್ತವೆ ಅನ್ನೋ ಡಾಕ್ಟ್ರೂ ಅವ್ರೆ. ಅಂಥ ಲಾಭ ಏನಿಲ್ಲ, ಸ್ಪರ್ಶ ಕಮ್ಮಿ ಆಯ್ತದೆ, ಮನ್ಸಲ್ಲಿ ಭಯ ಉಳೀತದೆ, ದೊಡ್ಡೋನಾಗಿ ಅವ್ನೇ ತೀರ್ಮಾನ ಮಾಡ್ಲಿ ಅನ್ನೋರೂ ಅವ್ರೆ. ಜಗಳ ಇನ್ನೂ ಮುಗ್ದಿಲ್ಲ ಭಾವ.”

“ಭಯವಂತೆ! ನಮ್ ತಾತ ಮುತ್ತಾತ ಎಲ್ಲಾ ಭಯ ಬಿದ್ದು ಸತ್ರಾ? ಓದ್ಕಂಡ್ ಓದ್ಕಂಡ್ ಮೀಸೆ ಇರೋ ಹೆಂಗ್ಸಾಗಿದ್ದೀಯ ಕಣ್ಲಾ.”

ಗಾಡಿಗೆ ಕಾಯುತ್ತಿದ್ದ ಕೊಪ್ಪದ ಪುಟ್ಟಸ್ವಾಮಿ ಕಿಸಕ್ಕನೆ ನಕ್ಕ. ಇನ್ನೊಬ್ಬರ ಮನೆಯ ಮಗುವಿನ ನೋವಿಗೆ ನಗುವುದಕ್ಕೆ ಎಂಥ ಎದೆಗಾರಿಕೆ ಬೇಕು?

“ನಿನ್ ಮುಂಜಿ ನೆಪ್ಪೈತಾ ಮಜೀದಣ್ಣ?”

“ಇಲ್ದೆ ಏನು? ಮಳವಳ್ಳಿ ಮಾವ ತೊಡೆ ಮ್ಯಾಲೆ ಕೂರುಸ್ಕಂಡು, ‘ಅಲ್ನೋಡು, ಚಿನ್ನದ ಹಕ್ಕಿ’ ಅಂದ್ರು. ತಲೆ ಎತ್ತಿದ್ದೇ ತಡ, ಮುಗೀತು! ನಾನು ಕಿರುಚ್ದೆ, ಎಲ್ರೂ ನಕ್ರು.” ಮಜೀದನೂ ನಕ್ಕ.

“ಹಬ್ಬಹಬ್ಬಕ್ಕೂ ಕರೀತಾರಲ್ಲ, ಆ ಮಾವನಾ?” ಅರ್ಬಾಜ್ ಕೇಳಿದ. “ನೀವು ಒಂದು ಸಲಾನೂ ಹೋಗಿದ್ದಿಲ್ವಲ್ಲ ಭಾವ.”

“ಆ ಕಡೆಗೆ ಬಸ್ಸು ಸರ್ಯಾಗಿಲ್ಲ ಕಣೋ.”

“ಗಾಡಿ ರಿಪೇರಿ ಮಾಡೋನ್ಗೆ ಬಸ್ ಯಾಕಣ್ಣ?” ಪುಟ್ಟಸ್ವಾಮಿ ಮತ್ತೆ ನಕ್ಕ.

ಮಜೀದ್ ಎಸೆದಿದ್ದ ಸ್ಪ್ಯಾನರನ್ನು ಎತ್ತಿಕೊಂಡು ಗಾಡಿಯ ಕಡೆ ತಿರುಗಿದ. ಮಾವ ಕೆಟ್ಟವನಲ್ಲ, ಕಂಡಾಗಲೆಲ್ಲ ತಲೆ ಸವರುವವನು. ಆದರೂ ಆ ದಿನದಿಂದ ಇವನು ಅವನ ಹೊಸಿಲು ತುಳಿದಿರಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಂಡವನೂ ಅಲ್ಲ. ಬಸ್ಸಿಲ್ಲ ಅನ್ನುವುದನ್ನು ಊರೂ ನಂಬಿತ್ತು, ತಾನೂ ನಂಬಿದ್ದ. ಕಂಡವರನ್ನೆಲ್ಲ ಹೇಡಿಗಳೆಂದು ಜರೆಯುತ್ತಿದ್ದ ಗಂಡಸಿನ ಧೈರ್ಯ ಅಷ್ಟರದ್ದು.

ಸಂಜೆ ಮನೆಗೆ ಹೋದರೆ ತಮೀಮ್ ಶೇರ್ವಾನಿ ತೊಟ್ಟು ನಿಂತಿದ್ದ.

“ಅಬ್ಬಾ, ಕುದುರೆ ಮೇಲೆ ಕೂತ್ಕೊಂಡು ನಾವು ಎಲ್ಲಿಗೆ ಹೋಗೋದು?”

“ಹೇಳಿ,” ಅಡುಗೆಮನೆ ಬಾಗಿಲಲ್ಲಿ ನಿಂತ ನಿಶಾತ್ ಅಂದಳು. “ನಿಮ್ಮ ಮನೇಲಿ ಸುಳ್ಳಿಗೇನು ಬರವಾ?”

ಮಜೀದ್ ಮಗನ ಮುಂದೆ ಕುಕ್ಕರಗಾಲಲ್ಲಿ ಕೂತ. ನಾಲಿಗೆ ತುದಿಗೆ ಬಂದ ಸುಳ್ಳು ಮಾವನ ಚಿನ್ನದ ಹಕ್ಕಿಯ ಜಾತಿಯದೇ. ಅದನ್ನು ನುಂಗಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಸ್ವಲ್ಪ ಚರ್ಮ ತೆಗೆಯುತ್ತಾರೆ. ನೋವಾಗದಂತೆ ಸೂಜಿ ಹಾಕಿಸಬಹುದು, ಆದರೆ ಸೂಜಿಯೂ ಚುಚ್ಚುತ್ತದೆ. ಆಮೇಲೂ ಕೆಲವು ದಿನ ನೋಯುತ್ತದೆ. ನಮ್ಮಲ್ಲಿ ಎಲ್ಲರಿಗೂ ಮಾಡುತ್ತಾರೆ, ನನಗೂ ಮಾಡಿದ್ದರು.

ಹುಡುಗ ಶೇರ್ವಾನಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡ. “ನಂಗೆ ಭಯ. ಬೇಡ.”

“ಸರಿ. ಈ ಶುಕ್ರವಾರ ಇಲ್ಲ. ಡಾಕ್ಟರ ಹತ್ರ ಹೋಗೋಣ, ನೀನೇ ಎಲ್ಲಾ ಕೇಳು. ನೀನು ಹೂಂ ಅನ್ನೋವರ್ಗೂ ಯಾರೂ ನಿನ್ನ ಮುಟ್ಟಲ್ಲ.”

ಅಲ್ಲೇ ಕೂತು ಅಣ್ಣನಿಗೆ ಫೋನು ಮಾಡಿದ. ಅಣ್ಣನ ಕೂಗು ಅಡುಗೆಮನೆಗೂ ಕೇಳಿಸಿತು.

“ಛತ್ರ, ಅಡುಗೆಯೋರು, ಬಂಧುಬಳಗ! ಏನಂತ ಹೇಳ್ಲಿ ಎಲ್ರಿಗೂ? ಮಜೀದನ ಮಗ ಪುಕ್ಕಲ, ಹೆದರ್ಕಂಡ ಅಂತಾನಾ?”

“ಹೂಂ ಅಣ್ಣ, ಹಂಗೇ ಹೇಳು. ಹೆದರ್ಕಂಡವ್ನೆ. ಆರು ವರ್ಷದೋನು.”

ಅತ್ತಲಿಂದ ಬೈಗುಳ ಸುರಿಯಿತು. ಮಜೀದ್ ಫೋನನ್ನು ಕಿವಿಯಿಂದ ದೂರ ಹಿಡಿದು, ಇನ್ನೊಂದು ಕೈಯಿಂದ ಮಗನ ಕೊರಳಿಗೆ ಬಿಗಿದಿದ್ದ ಶೇರ್ವಾನಿಯ ಗುಂಡಿ ಬಿಚ್ಚಿದ.