ಬುಧವಾರದ ಮ್ಯಾಟಿನಿ

ಲೂಶಿಯನ್ ಆಸ್ಕರ್ನ್ ಅವರಿಗೆ ಸ್ಟುಡಿಯೋದಲ್ಲಿ ಹದಿನೆಂಟು ವರ್ಷ ಉಡುಪು ತೊಡಿಸಿದವಳು ನಾನು. ಬೇರೆ ನಟರಿಗೆ ಪ್ರಭುಗಳ ಕೋಟು ಹಾಕಿಕೊಂಡು ನಿಲ್ಲುವುದನ್ನು ಕಲಿಸಬೇಕಾಗುತ್ತಿತ್ತು. ಯಾರ್ಕ್‌ಷೈರಿನ ಅರ್ಲ್ ಪದವಿಯ ಪ್ರಭುವೊಬ್ಬರ ಎರಡನೆಯ ಮಗನಾದ ಇವರಿಗೆ ಅದು ಹುಟ್ಟಿನಿಂದಲೇ ಬಂದಿತ್ತು.

ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಮೊದಲ ಚಿತ್ರಕ್ಕೆ ಸಹಿ ಹಾಕಿದ ವಾರವೇ ತಂದೆ ಇವರನ್ನು ಹೊರಗೆ ಹಾಕಿದರು. "ಮುಖಕ್ಕೆ ಬಣ್ಣ ಬಳ್ಕೊಳ್ಳೋನಿಗೆ ನನ್ನ ಮೇಜಿನ ಮೇಲೆ ಊಟ ಇಲ್ಲ" ಎಂದರಂತೆ. ಲೂಶಿಯನ್ ಎರಡು ವರ್ಷ ತಾಯಿಗೆ ಕಾಗದ ಬರೆದರು. ಎಲ್ಲವೂ ಒಡೆಯದೆ ಹಿಂದೆ ಬಂದವು. ಆಮೇಲೆ ಬರೆಯುವುದನ್ನು ಬಿಟ್ಟರು.

ನಲವತ್ತೇಳರಲ್ಲಿ ಅವರ ತಂದೆಯ ಮನೆಯಿಂದ ಏಳು ಮೈಲಿ ದೂರದ ಬಯಲಿನಲ್ಲಿ ಚಿತ್ರೀಕರಣವಿತ್ತು.

"ಒಂದು ಗಳಿಗೆ ಹೋಗಿ ಬನ್ನಿ ಸಾರ್, ಅಮ್ಮನ ಮುಖ ನೋಡ್ಕೊಂಡು," ಎಂದೆ.

"ಬೇಡ ಅಂದವರ ಬಾಗಿಲು ತಟ್ಟೋ ಅಭ್ಯಾಸ ನನಗಿಲ್ಲ, ಮಿಸೆಸ್ ಟ್ಯೂಕ್. ಮೊದಲು ಈ ಕಾಲರ್ ನೋಡಿ, ಕತ್ತು ಹಿಸುಕ್ತಿದೆ."

ಐವತ್ತೆರಡರ ಮಾರ್ಚಿನಲ್ಲಿ ತಾಯಿ ತೀರಿಕೊಂಡರು. ಸುದ್ದಿಯನ್ನು ಲೂಶಿಯನ್ ಪತ್ರಿಕೆಯಲ್ಲಿ ಓದಿದರು. ಅಂತ್ಯಸಂಸ್ಕಾರಕ್ಕೆ ನಾನೂ ಜೊತೆಗೆ ಹೋದೆ. ಚರ್ಚಿನಲ್ಲಿ ತಂದೆ ಇವರತ್ತ ತಿರುಗಿಯೂ ನೋಡಲಿಲ್ಲ. ಮಣ್ಣು ಮಾಡಿ ಹೊರಬರುವಾಗ ಗೇಟಿನ ಬಳಿ ದಪ್ಪ ಹೆಂಗಸೊಬ್ಬಳು ಇವರ ತೋಳು ಹಿಡಿದಳು. ಪಕ್ಕದ ಪೇಟೆಯ ಚಿತ್ರಮಂದಿರದಲ್ಲಿ ಟಿಕೆಟ್ ಕೊಡುವ ಮಿಸೆಸ್ ರಿಡ್ಸ್‌ಡೇಲ್.

"ನಿನ್ನ ಒಂದು ಚಿತ್ರನೂ ಅಮ್ಮ ಬಿಟ್ಟಿಲ್ಲ ಮಗಾ," ಎಂದಳು. "ಬುಧವಾರ ಮಧ್ಯಾಹ್ನ ಬಸ್ಸಿನಲ್ಲಿ ಬರೋರು, ದೊಡ್ಡಮನೆಯವರು ಅಂತ ಗೊತ್ತಾಗ್ದಂಗೆ ಅಡಿಗೆಯವಳ ಕೋಟು ಹಾಕ್ಕೊಂಡು. ಒಂದೇ ಚಿತ್ರಾನ ನಾಲ್ಕು ಸಲ, ಐದು ಸಲ ನೋಡೋರು."

ಲೂಶಿಯನ್ ಅವಳತ್ತ ತಿರುಗಿದರು. "ಒಂದು ಸಾಲು ಬರೆಯೋಕೆ ಆಗಲಿಲ್ವಾ ಅವರಿಗೆ?"

"ನಾನೂ ಕೇಳಿದೆ. ಬೈಬಲ್ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ರಂತೆ ನಿಮ್ಮಪ್ಪ. ಬರೆಯೋ ಹಾಗಿಲ್ಲ, ಮಾತಾಡೋ ಹಾಗಿಲ್ಲ. 'ಸಿನಿಮಾ ನೋಡೋ ಹಾಗಿಲ್ಲ ಅಂತ ಆಣೆ ಹಾಕಿಸೋದು ಅವರಿಗೆ ಹೊಳೀಲೇ ಇಲ್ಲ ನೋಡು' ಅಂತ ಅಮ್ಮ ನಗೋರು. ನೀನು ಬಯಲಿಗೆ ಬಂದಾಗ್ಲೂ ಬಂದಿದ್ರು. ಹಗ್ಗದಾಚೆ ಜನರ ನಡುವೆ ಮಳೇಲಿ ನಿಂತಿದ್ರಂತೆ. 'ಸೊರಗಿದ್ದಾನೆ' ಅಂದ್ರು."

ಚಿತ್ರೀಕರಣದ ಆ ದಿನ ಹಗ್ಗದ ಬಳಿ ಹೋಗಿ ಲೂಶಿಯನ್ ಮೂವತ್ತು ನಲವತ್ತು ಜನರಿಗೆ ಹಸ್ತಾಕ್ಷರ ಹಾಕಿಕೊಟ್ಟಿದ್ದರು. ಕೊಡೆ ಹಿಡಿದಿದ್ದವಳು ನಾನೇ. ಆ ಮುಖಗಳಲ್ಲಿ ಒಂದೂ ನನಗೆ ನೆನಪಿಲ್ಲ. ಅವರಿಗೂ ನೆನಪಾಗಲಿಲ್ಲ. ರೈಲಿನಲ್ಲಿ ಲಂಡನ್ನಿನವರೆಗೂ ಕಣ್ಣು ಮುಚ್ಚಿಕೊಂಡು ತಾಯಿಯ ಮುಖವನ್ನೇ ಹುಡುಕುತ್ತಿದ್ದರು. "ಮಾತಾಡೋ ಹಾಗಿಲ್ಲ ಅಂತ ಆಣೆ ಇದ್ದದ್ದು ಅವರಿಗೆ," ಎಂದರು ಒಮ್ಮೆ. "ನನಗೆ ಯಾರೂ ಆಣೆ ಹಾಕಿರಲಿಲ್ಲ."

ಒಪ್ಪಿಕೊಂಡಿದ್ದ ಚಿತ್ರವನ್ನು ಮುಗಿಸಿಕೊಟ್ಟರು. ಆ ಬಳಿಕ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ದೊಡ್ಡ ಮನೆತನದ ಜಂಬ ಎಂದು ಪತ್ರಿಕೆಗಳು ಬರೆದವು. ಈಗ ಹೋವ್ ಎಂಬ ಕಡಲೂರಿನಲ್ಲಿ, ಸಮುದ್ರಕ್ಕೆ ಬೆನ್ನು ಹಾಕಿದ ಎರಡು ಕೋಣೆಗಳಲ್ಲಿದ್ದಾರೆ. ಭಾನುವಾರ ನಾನು ಹೋಗಿ ಚಹಾ ಮಾಡಿಕೊಡುತ್ತೇನೆ. ಹವೆಯ ಮಾತು ಆಡುತ್ತೇವೆ. ತಾಯಿಯ ಮಾತನ್ನು ಅವರು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.