ಮೂಲೆ ಮುಟ್ಟಿ ಮನೆ ಸೇರಿದವನು

ಬೆಳಗಿನ ನಡಿಗೆಗೆ ಬಂದವರೆಲ್ಲ ಮೈದಾನವನ್ನು ಗಡಿಯಾರದ ಮುಳ್ಳಿನಂತೆ ಸುತ್ತುತ್ತಿದ್ದರೆ, ನನ್ನ ಗೆಳೆಯನೊಬ್ಬ ಮಾತ್ರ ಅದಕ್ಕೆ ಎದುರಾಗಿ ಸುತ್ತುತ್ತಿದ್ದ. ತುಸು ಮುಂದಕ್ಕೆ ಬಾಗಿದ ಎತ್ತರದ ಮೈ, ಹೆಜ್ಜೆಗೊಮ್ಮೆ ಎಡಕ್ಕೆ ವಾಲುವ ನಡಿಗೆ, ಸೆಕೆಯಲ್ಲೂ ಮೈಬಿಡದ ಕಂದು ಕೋಟು. ಅದರ ಜೇಬುಗಳಲ್ಲಿ ಮೊಂಡು ಪೆನ್ಸಿಲು, ಸವೆದ ರಬ್ಬರು, ಚೌಕಗಳನ್ನು ಗೀಚಿದ ಕಾಗದದ ಚೂರುಗಳು. ಎದುರು ಬಂದವರು ದಾರಿ ಬಿಡಬೇಕಾಯಿತೆಂದು ಗೊಣಗಿದರೆ, "ನಿಮಗೆ ಮುಂದಿನವರ ಬೆನ್ನಷ್ಟೇ ಕಾಣುತ್ತೆ ಸ್ವಾಮಿ, ನನಗೆ ಎಲ್ಲರ ಮುಖ ಕಾಣುತ್ತೆ" ಎನ್ನುತ್ತಿದ್ದ. ಮೈದಾನದ ನಾಲ್ಕು ಮೂಲೆಗಳಲ್ಲೂ ಒಂದೊಂದು ಕಲ್ಲುಗಂಬ. ಹೋದ ವರ್ಷದಿಂದ ಪ್ರತಿ ಕಂಬವನ್ನೂ ಅಂಗೈಯಿಂದ ಮುಟ್ಟಿಯೇ ಮುಂದೆ ಹೋಗುವ ಹೊಸ ಹುಚ್ಚು ಅಂಟಿಕೊಂಡಿತ್ತು. ನಾನು ಮುಟ್ಟದೆ ಬಂದರೆ, "ನೀನು ಔಟ್ ಕಣೋ, ವಾಪಸ್ ಹೋಗು" ಎಂದು ಅಲ್ಲೇ ನಿಂತುಬಿಡುತ್ತಿದ್ದ.

ಹೊಟ್ಟೆಪಾಡಿಗೆ ಅವನದು ಕನ್ನಡಕದ ಅಂಗಡಿ. ಗಿರಾಕಿಯ ಕಣ್ಣಿಗೆ ಗಾಜು ಬದಲಿಸುತ್ತ, ಗೋಡೆಯ ಅಕ್ಷರಗಳನ್ನು ತೋರಿಸುತ್ತ, "ಇನ್ನೊಂದ್ಸಲ ನೋಡಿ" ಎಂದು ಅಂದು ಅಂದು ಆ ಮಾತು ನಾಲಿಗೆಗೆ ಅಂಟಿಹೋಗಿತ್ತು. ತರಕಾರಿಯವನು ಬೆಲೆ ಹೇಳಿದರೂ "ಇನ್ನೊಂದ್ಸಲ ನೋಡಿ". ಮಳೆ ಬರಬಹುದು ಎಂದರೂ "ಇನ್ನೊಂದ್ಸಲ ನೋಡಿ". ಮನಸ್ಸಿದ್ದದ್ದು ಮಾತ್ರ ಪದಬಂಧದಲ್ಲಿ. ನಾನು ಕರಡು ತಿದ್ದುವ ಪತ್ರಿಕೆಯ ವಾರದ ಪುರವಣಿಗೆ ಅವನು ಹೆಸರು ಹಾಕದೆ ಪದಬಂಧ ಕಟ್ಟಿಕೊಡುತ್ತಿದ್ದ. ಉತ್ತರವನ್ನು ಎಂದೂ ಬರೆದುಕೊಟ್ಟವನಲ್ಲ. ಮೊದಲು ನಾನು ಬಿಡಿಸಬೇಕು, ನಾನು ಬಿಡಿಸಿದ್ದೇ ಅಚ್ಚಿಗೆ ಉತ್ತರ. ನನ್ನಿಂದ ಆಗದಿದ್ದರೆ ಅದನ್ನು ಹರಿದು ಹಾಕುವುದು. "ಒಬ್ಬ ಸ್ನೇಹಿತನಿಗೂ ಬಿಡಿಸೋಕೆ ಆಗದ್ದು ಒಗಟಲ್ಲ, ಬರೀ ಹಟ" ಎಂಬುದು ಅವನ ನ್ಯಾಯ.

ಮದುವೆಯಾಗದ ಅವನ ಮನೆಯನ್ನು ನಡೆಸುತ್ತಿದ್ದವಳು ಅವನ ಅಕ್ಕ. ಸಕ್ಕರೆ ಡಬ್ಬಿಯ ಮೇಲಿನ ಚೀಟಿ ಉಪ್ಪಿನ ಡಬ್ಬಿಗೆ ಹೋಗಿರಲಿ, ಕ್ಯಾಲೆಂಡರಿನ ಹಾಳೆ ತಲೆಕೆಳಗಾಗಿರಲಿ, ಅಡುಗೆಮನೆಯಿಂದ ಒಂದೇ ಕೂಗು: "ಇದೂ ನಿಂದೇ ಕಿತಾಪತಿ ತಾನೇ?" ಅರವತ್ತು ದಾಟಿದ ತಮ್ಮ, ಶಾಲೆಯ ಹುಡುಗನಂತೆ ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತಿದ್ದ.

ಹೋದ ವರ್ಷ ಹಳೆ ಪುಸ್ತಕದಂಗಡಿಯಲ್ಲಿ ಅವನಿಗೆ ಬೇಸ್‌ಬಾಲ್ ನಿಯಮಗಳ ಪುಸ್ತಕವೊಂದು ಸಿಕ್ಕಿತು. ಆ ಆಟವನ್ನು ಅವನು ನೋಡಿದವನಲ್ಲ, ನಾನೂ ಅಷ್ಟೇ. ಆಡುವ ಉಪದ್ವ್ಯಾಪವಿಲ್ಲದೆ ನಿಯಮ ಓದುವುದೇ ಅವನಿಗೆ ಆಟ. ಓದಿ ಮುಗಿಸಿದ ದಿನ ಅಂಗಡಿಯ ಬಾಗಿಲಲ್ಲೇ ನನ್ನನ್ನು ತಡೆದು, "ಲೋ, ನನ್ನ ಕಡೇನೂ ಜನ ಇದ್ದಾರೆ ಕಣೋ" ಎಂದ. ಯಾರು ಎಂದು ಕೇಳಿದರೆ ನಕ್ಕು, ಗಿರಾಕಿಯತ್ತ ತಿರುಗಿದ.

ಆಮೇಲೆ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಒಂದು ಆಪರೇಷನ್ ಆಯಿತು. ಅದು ಮತ್ತೆ ಬೆಳೆಯಿತು. ಎರಡನೆಯದು ಮಾಡಬಹುದು, ಆದರೆ ಭರವಸೆ ಕಮ್ಮಿ ಎಂದರು ಡಾಕ್ಟರು. ಬೆಲೆಗೂ ಮಳೆಗೂ ಇನ್ನೊಂದ್ಸಲ ನೋಡಿ ಎನ್ನುತ್ತಿದ್ದವನು ಅಂದು "ಬೇಡ" ಎಂದಷ್ಟೇ ಹೇಳಿ ಗೋಡೆಯತ್ತ ಹೊರಳಿದ. ಔಷಧಿಯ ಮಂಪರಿನಲ್ಲಿ ಕೆಲವು ಸಂಜೆ ಅಕ್ಕನನ್ನೇ ಅಮ್ಮ ಎಂದು ಕರೆಯುತ್ತಿದ್ದ ದಿನಗಳವು. ಆದರೂ ಅಕ್ಕ ಅವನ ಮಾತಿಗೆ ಒಪ್ಪಿದಳು. ಅದೇ ವಾರ ದಿಂಬಿನ ಅಡಿಯಿಂದ ಒಂದು ಪದಬಂಧ ತೆಗೆದು ನನ್ನ ಕೈಗಿಟ್ಟ. ನಾನದನ್ನು ಬಿಡಿಸುವ ಮೊದಲೇ ಹೋಗಿಬಿಟ್ಟ.

ಕೆಲವು ವಾರ ಅದನ್ನು ತೆರೆಯುವ ಧೈರ್ಯವಾಗಲಿಲ್ಲ. ತೆರೆದಾಗ, ಒಂದು ಮೂಲೆಯ ಮೇಲೆ ನಿಂತ ಚೌಕ, ಒಳಗೆಲ್ಲ ಬೇಸ್‌ಬಾಲ್. "ಆಡಿದರೆ ಅಂಗಳ, ಇಟ್ಟರೆ ಮೂಗಿನ ಹೊಳಪು" ಎಂದರೆ ವಜ್ರ. ಆ ಆಟದ ಅಂಗಳವನ್ನು ಹಾಗೆಯೇ ಕರೆಯುತ್ತಾರಂತೆ. "ಹಿಂದೆ ಕುಕ್ಕರಗಾಲಲ್ಲಿ ಕೂತವನಿಗೆ ರಕ್ಷಣೆ, ಮುಂದೆ ನಿಂತು ಭಾಷಣ ಮಾಡುವವನಿಗೆ ಬಂಡವಾಳ" ಎಂದರೆ ಮುಖವಾಡ; ಬ್ಯಾಟಿನವನ ಹಿಂದೆ ಚೆಂಡು ಹಿಡಿಯಲು ಕೂರುವವನು ಅದನ್ನು ಹಾಕಿಕೊಳ್ಳುತ್ತಾನಂತೆ. "ಸೋಮಾರಿಯ ನೆಪಗಳೂ ಈ ಚೆಂಡಿನ ಹೊಲಿಗೆಗಳೂ ಒಂದೇ ಲೆಕ್ಕ" ಎಂಬುದಕ್ಕೆ ಲೈಬ್ರರಿಗೆ ಹೋಗಬೇಕಾಯಿತು. ಚೆಂಡಿನ ಮೇಲೆ ಕೆಂಪು ದಾರದ ಜೋಡಿ ಹೊಲಿಗೆಗಳು ನೂರೆಂಟು. ಓದುವ ಕೋಣೆಯಲ್ಲಿ ಒಬ್ಬನೇ ನಕ್ಕೆ. ಅವನು ಹೋದಮೇಲೆ ಅದೇ ಮೊದಲು.

ಚೌಕಗಳೆಲ್ಲ ತುಂಬಿದವು. ಕೆಳಗೊಂದು ಸೂಚನೆಯಿತ್ತು: "ಈಗ ಮೂಲೆಯಿಂದ ಮೂಲೆಗೆ ಓಡಿ ಮನೆ ಸೇರಿ." ನಾಲ್ಕು ಮೂಲೆಯ ಅಕ್ಷರಗಳು ಕೂಡಿ ಒಂದು ಪದವಾಗಬೇಕು. ಮೇಲಿನ ಮೂಲೆಯಿಂದ ಹೊರಟು ಬಲಕ್ಕೆ ಸುತ್ತಿದರೆ ಬಂದದ್ದು "ಪತಾಕಿತಿ".

ಪುರವಣಿಯ ಸಂಪಾದಕರು ಕನ್ನಡಕ ಹಣೆಗೇರಿಸಿದರು; ಅದೂ ಅವನ ಅಂಗಡಿಯದೇ. "ಆ ಆಟದಲ್ಲಿ ಗೆದ್ದ ತಂಡಕ್ಕೆ ಪತಾಕೆ ಕೊಡ್ತಾರೆ. ಪಾಪ, ಅದನ್ನ ಬರೆಯೋಕೆ ಹೋಗಿ ತಪ್ಪಿದ್ದಾರೆ. ಕೊನೆಗಾಲ ನೋಡಿ. ಇದನ್ನ ಹಾಕೋದು ಬೇಡ, ಅವರ ಹೆಸರು ಕೆಡುತ್ತೆ."

"ಹೆಸರು ಯಾವತ್ತು ಹಾಕಿದ್ವಿ ಸಾರ್?" ಎಂದೆ.

ಅಕ್ಕನಿಗೆ ಹೇಳದಿರಬಹುದಿತ್ತು. ಆದರೆ ತಮ್ಮನ ಕೊನೆಯ ಪದಬಂಧ ಏನಾಯಿತೆಂದು ಅವಳೇ ಕೇಳಿದಳು. ಹೇಳಿದೆ. ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

"ಹಾಗಾದ್ರೆ ಆ ವಾರ ಅವನ ತಲೆ ನೆಟ್ಟಗಿರಲಿಲ್ಲ ಅಂತಾಯ್ತು."

"ಒಂದು ಪದ ತಪ್ಪಿದ್ದಕ್ಕೆ ಹಾಗೆ ಅನ್ನಬಾರದು ಅಕ್ಕ."

"ಅವನು ಯಾವತ್ತಾದ್ರೂ ತಪ್ಪು ಕಟ್ಟಿದ್ನೇನೋ? ಆಪರೇಷನ್ ಬೇಡ ಅಂದಿದ್ದೂ ಅದೇ ವಾರ. ಬುದ್ಧಿ ಸ್ವಾಧೀನದಲ್ಲಿ ಇಲ್ಲದವನ ಮಾತು ಕೇಳಿಕೊಂಡು ನಾನು ತಲೆಯಾಡಿಸಿಬಿಟ್ಟೆನಾ? ಹಿರಿಯಳು ನಾನು. ಮಾಡಿಸು ಅಂತ ಗದರಬೇಕಿತ್ತಲ್ಲೋ."

ಎದ್ದು ಬಂದೆ.

ಮರುದಿನ ಬೆಳಗ್ಗೆ, ಅವನು ಹೋದಮೇಲೆ ಮೊದಲ ಸಲ, ಮೈದಾನಕ್ಕೆ ಹೋದೆ. ಗೇಟು ಒಂದು ಮೂಲೆಯಲ್ಲಿದೆ. ಎಲ್ಲರೂ ಎಡಕ್ಕೆ ಹೊರಳಿದರು, ನನ್ನ ಕಾಲು ಅಭ್ಯಾಸದಿಂದ ಬಲಕ್ಕೆ ಹೊರಳಿತು. ಎದುರಿಗೆ ಮುಖಗಳು. ಮೊದಲ ಕಂಬವನ್ನು ದಾಟಿ ಬಂದವನಿಗೆ ಮುಟ್ಟಲಿಲ್ಲವೆಂದು ನೆನಪಾಗಿ, ಬೈಯಲು ಯಾರೂ ಇಲ್ಲದಿದ್ದರೂ ಹಿಂದೆ ಹೋಗಿ ಅಂಗೈ ಊರಿದೆ. ಕಲ್ಲು ತಣ್ಣಗಿತ್ತು. ನೀನು ಔಟ್ ಕಣೋ. ಔಟ್ ಆಗುವುದು ಆಟದಲ್ಲಿ. ಯಾವ ಆಟದಲ್ಲಿ ಮೂಲೆ ಮುಟ್ಟುತ್ತಾರೆ? ನನ್ನ ಕಡೇನೂ ಜನ ಇದ್ದಾರೆ ಎಂದನಲ್ಲ, ಅವರು ಯಾರು? ಚೆಂಡಿನ ಹೊಲಿಗೆಯವರೆಗೂ ಹುಡುಕಿದ್ದ ನಾನು, ಆಟಗಾರರು ಯಾವ ಕಡೆಗೆ ಓಡುತ್ತಾರೆ ಎಂಬುದನ್ನೇ ನೋಡಿರಲಿಲ್ಲ.

ಲೈಬ್ರರಿ ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತೆ. ಚಿತ್ರದಲ್ಲಿ ಸ್ಪಷ್ಟವಾಗಿತ್ತು: ಕೆಳಗಿನ ಮೂಲೆಯೇ ಮನೆ, ಓಟಗಾರ ಅಲ್ಲಿಂದ ಬಲಕ್ಕೆ, ಬಲದಿಂದ ಮೇಲಕ್ಕೆ, ಮೇಲಿಂದ ಎಡಕ್ಕೆ, ಗಡಿಯಾರಕ್ಕೆ ಎದುರಾಗಿ, ಪ್ರತಿ ಮೂಲೆಯನ್ನೂ ಮುಟ್ಟಿ ಮನೆಗೆ ಮರಳಬೇಕು. ಪದಬಂಧವನ್ನು ಮೇಜಿನ ಮೇಲೆ ಹರಡಿ ಬೆರಳಿನಿಂದ ಓಡಿದೆ. ಕೆಳಗೆ ಕಿ. ಬಲಕ್ಕೆ ತಾ. ಮೇಲೆ ಪ. ಎಡಕ್ಕೆ ತಿ.

ಅಕ್ಕ ಬಾಗಿಲಲ್ಲೇ ನಿಂತು ಕೇಳಿದಳು. ಕಾಗದವನ್ನು ಕೈಗೆ ತೆಗೆದುಕೊಂಡು ತಾನೂ ಬೆರಳು ಓಡಿಸಿದಳು, ಎರಡು ಸಲ.

"ಇದು ನಾನು ಬೈಯೋ ಮಾತು."

"ಹೂಂ ಅಕ್ಕ."

"ಅಷ್ಟು ನೋವಿನಲ್ಲೂ ಕೂತ್ಕೊಂಡು ನನ್ನನ್ನ ಆಡಿಕೊಂಡಿದಾನೆ ನೋಡು, ಪಾಪಿ." ಕಣ್ಣೊರೆಸಿಕೊಂಡಳು, ನಕ್ಕಳು, ಮತ್ತೆ ಒರೆಸಿಕೊಂಡಳು. "ಹಾಗಾದ್ರೆ ಬೇಡ ಅಂದಿದ್ದೂ ಅವನೇ."

"ಅವನೇ ಅಕ್ಕ."

ಒಳಗೆ ಹೋಗಿ ಕಾಫಿಗೆ ನೀರಿಟ್ಟಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಪಾತ್ರೆಯ ಸದ್ದು ಧಾರಾಳವಾಗಿ ಕೇಳಿಸಿತು. ಪದಬಂಧ ಮುಂದಿನ ಪುರವಣಿಯಲ್ಲಿ ಅಚ್ಚಾಯಿತು, ಎಂದಿನಂತೆ ಹೆಸರಿಲ್ಲದೆ.

ಒಗಟು ಕಟ್ಟುವವರು ವಿಚಿತ್ರ ಜನ. ತಮ್ಮ ಮಾತು ಊರಿಗೆಲ್ಲ ಕೇಳಲೆಂದು ಉಳಿದವರು ದನಿ ಏರಿಸುವಾಗ, ಇವರು ಹೇಳಬೇಕಾದ್ದನ್ನು ಮೂಲೆಗೊಂದು ಅಕ್ಷರದಂತೆ ಹಂಚಿಟ್ಟು ಪೇಪರಿನ ಹಿಂದೆ ಮುಖ ಮುಚ್ಚಿ ಕೂರುತ್ತಾರೆ. ಅದನ್ನು ಗುಟ್ಟು ಎಂದು ನಾವು ತಪ್ಪು ತಿಳಿಯುತ್ತೇವೆ. ಹುಡುಕಿಕೊಂಡು ಒಬ್ಬರಾದರೂ ಬರುತ್ತಾರೆ ಎಂಬ ಗಟ್ಟಿ ನಂಬಿಕೆಯಿಲ್ಲದವನು ಏನನ್ನಾದರೂ ಅಷ್ಟು ಜೋಪಾನವಾಗಿ ಬಚ್ಚಿಡುವುದುಂಟೇ? ಬರುವವರು ಎದುರು ದಿಕ್ಕಿನಿಂದ ಬಂದರೂ ಸರಿ, ತಡವಾಗಿ ಬಂದರೂ ಸರಿ, ಮುಖ ನೋಡಬಹುದೆಂದು ಅವರು ಕಾಯುತ್ತಾರೆ.